ಗುಜರಿಯಲ್ಲಿ ಸಿಕ್ಕ ಹೆಸರಿಲ್ಲದ ಬಿಲ್ಲೆ

ಮೂರು ತಿಂಗಳ ಹಿಂದೆ ಗಂಗಾವತಿಯ ಒಂದು ಗುಜರಿ ಅಂಗಡಿಯಲ್ಲಿ ಅಲ್ಯೂಮಿನಿಯಂ ಬಿಲ್ಲೆಯೊಂದು ಸಿಕ್ಕಿತು. ಅಂಗೈಗಿಂತ ಚಿಕ್ಕದು. ನಡುವೆ ಎರಡು ಉದ್ದನೆಯ ಸೀಳು, ಒಂದು ಅಗಲ, ಒಂದು ಕಿರಿದು. ಒಂದು ಮಗ್ಗುಲಿಗೆ ಸ್ಪ್ರಿಂಗ್. ಅಂಚಿನಲ್ಲಿ ಸಣ್ಣ ತೂತು. ಒಡೆದ ಪಾತ್ರೆಗಳ ಜೊತೆ ತೂಕಕ್ಕೆ ಬಿದ್ದಿತ್ತು. 

ಬಂಡೆ ಹತ್ತುವವರಿಗೆ ಈ ಬಿಲ್ಲೆ ಏನು ಅಂತ ಗೊತ್ತಾಗುತ್ತದೆ. ಮೇಲೆ ಒಬ್ಬರು ಹತ್ತುವಾಗ ಅವರು ಬೀಳದಂತೆ ಕೆಳಗೆ ಇನ್ನೊಬ್ಬರು ಹಗ್ಗ ಹಿಡಿದಿರುತ್ತಾರೆ. ಅದಕ್ಕೆ ಬಿಲೇ ಅನ್ನುತ್ತಾರೆ. ಮೊದಲು ಹಗ್ಗವನ್ನು ಸೊಂಟದ ಸುತ್ತ ಹಾಯಿಸಿ ಮೈಯಿಂದಲೇ ತಡೆಯುತ್ತಿದ್ದರು. 1970ರ ಹೊತ್ತಿಗೆ ಜರ್ಮನಿಯ ಫ್ರಿಟ್ಸ್ ಸ್ಟಿಖ್ಟ್ ಎಂಬುವರು ಈ ಥರದ ಬಿಲ್ಲೆ ತಂದರು. ಹಗ್ಗವನ್ನು ಮಡಿಚಿ ಸೀಳಿನೊಳಗೆ ತೂರಿಸಿ, ಆ ಮಡಿಕೆಯನ್ನು ಸೊಂಟದ ಕೊಂಡಿಗೆ ಸಿಕ್ಕಿಸುವುದು. ಕೈಯಲ್ಲಿರುವ ಹಗ್ಗವನ್ನು ಹಿಂದಕ್ಕೆ ಎಳೆದರೆ ಅದು ಅಂಚಿನಲ್ಲಿ ಬಾಗಿ ನಿಂತುಬಿಡುತ್ತದೆ. ಇಷ್ಟೇ. ಆದರೆ ಈ ಇಷ್ಟರಿಂದ ಎಷ್ಟು ಜೀವ ಉಳಿದಿದೆಯೋ!

ನನ್ನ ಬಿಲ್ಲೆಯ ಮೇಲೆ ಕಂಪನಿ ಹೆಸರಿಲ್ಲ, ನಂಬರ್ ಇಲ್ಲ, ಎಷ್ಟು ದಪ್ಪದ ಹಗ್ಗಕ್ಕೆ ಅನ್ನುವುದೂ ಇಲ್ಲ. ಹೀಗಾಗಿ ಲೇತ್ ಅಂಗಡಿಯ ಕಾಕಾ ಹತ್ತಿರ ಒಯ್ದೆ. ಅಕ್ಕಿ ಗಿರಣಿಗಳ ಊರು ನಮ್ಮದು. ಲೋಹ ಓದುವ ಕಣ್ಣು ಇಲ್ಲಿ ಬೇಕಾದಷ್ಟಿವೆ. ಕಾಕಾ ಉಗುರಿನಿಂದ ಸೀಳಿನ ಒಳಮೈ ಕೆರೆದು, ಬೆಳಕಿಗೆ ಹಿಡಿದು, "ತಮ್ಮಾ, ಇದು ಎರಕ ಹೊಯ್ದದ್ದಲ್ಲ. ಡ್ರಿಲ್ ಹೊಡದು ಆಮೇಲೆ ಕೈಲೆ ಅರ ಹಾಕ್ಯಾರ ನೋಡು" ಎಂದರು. ನಿಜ, ಒಳಗೆ ಅರದ ಗೆರೆಗಳು ಓರೆಯಾಗಿ ಕಾಣುತ್ತಿದ್ದವು. "ಈ ಸಣ್ಣ ತೂತು ಯಾಕ?" ಎಂದು ಅವರೇ ಕೇಳಿದರು. ಅದಕ್ಕೆ ದಾರ ಕಟ್ಟಿ ಹಾರ್ನೆಸ್‌ಗೆ, ಅಂದರೆ ಸೊಂಟದ ಪಟ್ಟಿಗೆ ಸೇರಿಸುತ್ತಾರೆ, ಇಲ್ಲದಿದ್ದರೆ ಬಿಲ್ಲೆ ಹಗ್ಗದ ಜೊತೆ ಮೇಲಕ್ಕೆ ಓಡುತ್ತದೆ ಎಂದೆ. ಸ್ಪ್ರಿಂಗ್ ಇರುವುದು ಬಿಲ್ಲೆ ಕೊಂಡಿಗೆ ಅಂಟಿ ಕಚ್ಚಿಕೊಳ್ಳದಿರಲಿ ಅಂತ.

ಇನ್ನೊಂದು ವಿಷಯ ಆಮೇಲೆ ಗಮನಕ್ಕೆ ಬಂತು. ಅಗಲದ ಸೀಳಿನ ಅಂಚು ಹಳೇ ಬಾವಿ ಕಟ್ಟೆಯ ಕಲ್ಲಿನ ಹಾಗೆ ಸವೆದು ಹೊಳೆಯುತ್ತಿದೆ. ಕಿರಿದಾದ ಸೀಳು ಮಾತ್ರ ಇನ್ನೂ ಒರಟು. ಅಂದರೆ ಇದನ್ನು ಬಳಸಿದವರು ದಪ್ಪ ಒಂಟಿ ಹಗ್ಗದಲ್ಲೇ ವರ್ಷಗಟ್ಟಲೆ ಹತ್ತಿದ್ದಾರೆ. ಸಾಣಾಪುರ, ಆನೆಗೊಂದಿ ಕಡೆ ಹೆಚ್ಚಿನವರು ಹಗ್ಗವಿಲ್ಲದೆ, ಕೆಳಗೆ ಮೆತ್ತೆ ಹಾಸಿಕೊಂಡು ಗುಂಡುಕಲ್ಲುಗಳನ್ನು ಹತ್ತುತ್ತಾರೆ. ಹಾಗಾಗಿ ಇದು ಬಾದಾಮಿಯ ಎತ್ತರದ ಗೋಡೆಗಳನ್ನು ಕಂಡು ಬಂದಿರಬೇಕು ಅಂತ ನನ್ನ ಅಂದಾಜು. ಹೊರದೇಶದ ಸಾಮಾನು ಕೈಗೆ ಸಿಗದ ಕಾಲದಲ್ಲಿ ಯಾರೋ ನಮ್ಮವರೇ ನೋಡಿ ಮಾಡಿಸಿಕೊಂಡಿದ್ದಾರೆ ಅನಿಸುತ್ತದೆ. ಆ ಅರದ ಗೆರೆಗಳ ಮೇಲೆ ನನಗೆ ತುಂಬಾ ಗೌರವ ಇದೆ.

ಈಗ ಈ ಪೋಸ್ಟ್ ಬರೆಯಲು ಕಾರಣವಾದ ಮಾತಿಗೆ ಬರುತ್ತೇನೆ. ವಾರಾಂತ್ಯದಲ್ಲಿ ಪ್ರವಾಸಿಗರನ್ನು ಹಗ್ಗದಲ್ಲಿ ಬಂಡೆ ಇಳಿಸುವ ಹುಡುಗನೊಬ್ಬ ಇದನ್ನು ನೋಡಿ, "ಅಣ್ಣಾ, ಹಳೇ ಮಾಲು ಗಟ್ಟಿ ಇರ್ತೈತಿ, ನನಗ ಕೊಡ್ರಿ" ಎಂದ. ಕೊಡಲಿಲ್ಲ. ಅವನಿಗೆ ಬೇಜಾರಾಯಿತು. ಆಗ ಇಬ್ಬರೂ ಸೇರಿ ಒಂದು ಪರೀಕ್ಷೆ ಮಾಡಿದೆವು. ಬಿಲ್ಲೆಯನ್ನು ಬೇವಿನ ಮರದ ಬುಡಕ್ಕೆ ಕಟ್ಟಿದೆವು. ಕೊಂಬೆಗೆ ಹಾಕಿದ ಕೊಂಡಿಯ ಮೂಲಕ ಹಗ್ಗ ಹಾಯಿಸಿ 75 ಕೆಜಿ ಭತ್ತದ ಚೀಲ ತೂಗಿಬಿಟ್ಟೆವು. ಸುಮಾರು ಒಬ್ಬ ಮನುಷ್ಯನ ತೂಕ, ಅಲ್ವಾ? 11 ಮಿಲಿಮೀಟರ್‌ನ ಹಳೇ ಹಗ್ಗದಲ್ಲಿ ಚೀಲ ನಿಂತಿತು. ಆಮೇಲೆ ಅವನು ಯಾವಾಗಲೂ ಬಳಸುವ 9.5 ಮಿಲಿಮೀಟರ್‌ನ ಹಗ್ಗ ಹಾಕಿದೆವು. ಅವನು ಬಿಗಿಯಾಗಿ ಹಿಡಿದಿದ್ದರೂ ಹಗ್ಗ ಗ್ಲೌಸ್ ಒಳಗೆ ಜಾರುತ್ತಲೇ ಹೋಯಿತು. ಚೀಲ ಧೊಪ್ಪೆಂದು ನೆಲಕ್ಕೆ ಬಿತ್ತು, ಹೊಲಿಗೆ ಬಿಚ್ಚಿ ಭತ್ತ ಚೆಲ್ಲಿತು. ಹುಡುಗ ಗ್ಲೌಸ್ ತೆಗೆದು ಅಂಗೈ ನೋಡಿಕೊಂಡ. ಆಮೇಲೆ ಅವನು ಕೇಳಲಿಲ್ಲ.

ಹಗ್ಗದ ದಪ್ಪ ಒಂದೇ ಅಲ್ಲ. ಈ ಅಲ್ಯೂಮಿನಿಯಂ ಯಾವ ಜಾತಿಯದು ಗೊತ್ತಿಲ್ಲದೆ, ಎಷ್ಟು ಭಾರಕ್ಕೆ ಬಾಗುತ್ತದೆ ಗೊತ್ತಿಲ್ಲದೆ ಅದರ ಮೇಲೆ ಜೀವ ಇಡುವುದು ಹೇಗೆ? ಸವೆದ ಕಡೆ ಅಂಚು ಚೂಪಾಗಿದ್ದರೆ ಹಗ್ಗದ ಹೊರಕವಚವನ್ನೇ ಕೊಯ್ಯುತ್ತದೆ. ದುಡ್ಡು ಕೊಟ್ಟು ಬಂದ ಪ್ರವಾಸಿಗೆ ಇದೆಲ್ಲ ತಿಳಿಯುವುದಿಲ್ಲ. ಅವರು ನಮ್ಮ ಹುಡುಗರ ಮುಖ ನೋಡಿ ನಂಬುತ್ತಾರೆ. ಹಾಗಂತ ಇವನ್ನು ಗುಜರಿಗೆ ಹಾಕಬೇಡಿ. ಯಾರಾದರೂ ಬಿಟ್ಟುಹೋದ ಹಳೇ ಕೊಂಡಿ, ಬಿಲ್ಲೆ ಮನೆಯಲ್ಲಿದ್ದರೆ ಒಂದು ಚೀಟಿ ಕಟ್ಟಿ ಮೊಳೆಗೆ ನೇತುಹಾಕಿ, ಹಗ್ಗ ಮಾತ್ರ ತೂರಿಸಬೇಡಿ.

ನನ್ನದು ಈಗ ಮೊಳೆಯ ಮೇಲಿದೆ. ಅದರ ಸಣ್ಣ ತೂತು ಸರಿಯಾಗಿ ನಡುವಿಗಿಲ್ಲ, ಚೂರು ಎಡಕ್ಕೆ ಸರಿದಿದೆ. ಬಾದಾಮಿಯಲ್ಲೋ ರಾಮನಗರದಲ್ಲೋ ಆ ಕಾಲದಲ್ಲಿ ಹತ್ತಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಫೋಟೋ ನೋಡಿ. ನಿಮ್ಮ ಪೆಟ್ಟಿಗೆಯಲ್ಲೂ ತೂತು ಎಡಕ್ಕೆ ಸರಿದ ಬಿಲ್ಲೆ ಇದೆಯಾ? ಇದ್ದರೆ ಯಾವ ಊರಿನ ಲೇತ್‌ನಲ್ಲಿ ಮಾಡಿಸಿದ್ದು ಹೇಳಿ. ಚೀಟಿಯಲ್ಲಿ ಬರೆಯಲು ಜಾಗ ಬಿಟ್ಟಿದ್ದೇನೆ.