ದಿಕ್ಕು ತೋರುವುದು ನುಡಿಯೋ, ನೆಲವೋ?

ನಾವಾಡುವ ನುಡಿ ನಮ್ಮ ಯೋಚನೆಯನ್ನೂ ರೂಪಿಸುತ್ತದೆ ಎಂಬುದೊಂದು ವಾದ. ಅದರ ಪರ ಒಂದು ಮಾತು, ವಿರೋಧ ಒಂದು ಮಾತು ಇಲ್ಲಿದೆ.

ಪರ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಹೋಪ್‌ವೇಲ್ ಎಂಬಲ್ಲಿ ಮೂಲನಿವಾಸಿಗಳು ಆಡುವ ನುಡಿ ಗೂಗು ಯಿಮಿದಿರ್. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ‘ಕಾಂಗರೂ’ ಎಂಬ ಹೆಸರನ್ನು ಎತ್ತಿಕೊಂಡು ಹೋದದ್ದು ಈ ನುಡಿಯವರಿಂದಲೇ. ಯಾವುದು ಎಲ್ಲಿದೆ ಎಂದು ಹೇಳಲು ಇವರ ಹಳೆಯ ಮಾತಿನಲ್ಲಿ ಎಡ-ಬಲ ಬಳಕೆಯಲ್ಲಿಲ್ಲ. ಕಾಲಬುಡದ ಇರುವೆಗೂ ಮೂಡು, ಪಡು, ತೆಂಕು, ಬಡಗು ಎಂದೇ ಹೇಳಬೇಕು.

ಹೀಗೆ ಮಾತಾಡುವವನಿಗೆ ದಿಕ್ಕಿನ ಎಚ್ಚರ ತಪ್ಪುವಂತೆಯೇ ಇಲ್ಲ. ಕಂಡದ್ದನ್ನು ನಾಳೆ ಯಾರಿಗಾದರೂ ಹೇಳಬೇಕಾದೀತು, ಆದ್ದರಿಂದ ದಿಕ್ಕಿನ ಸಮೇತವೇ ನೆನಪಿಟ್ಟುಕೊಳ್ಳಬೇಕು. ಅಲ್ಲಿನ ಹಿರಿಯರೊಬ್ಬರು ದೋಣಿ ಮಗುಚಿದ ಕಥೆಯನ್ನು 1980ರಲ್ಲಿ ಭಾಷಾವಿಜ್ಞಾನಿ ಜಾನ್ ಹ್ಯಾವಿಲೆಂಡ್ ಅವರಿಗೆ ಹೇಳಿದರು. ಆಗ ಅವರು ಕೂತಿದ್ದು ಪಡುವಣಕ್ಕೆ ಮುಖಮಾಡಿ. ದೋಣಿ ಉರುಳಿದ್ದನ್ನು ಕೈ ಮುಂದಕ್ಕೆ ಹೊರಳಿಸಿ ತೋರಿಸಿದರು. ಎರಡು ವರ್ಷದ ಮೇಲೆ ಅದೇ ಕಥೆಯನ್ನು ಇನ್ನೊಬ್ಬ ಭಾಷಾವಿಜ್ಞಾನಿ ಸ್ಟೀಫನ್ ಲೆವಿನ್ಸನ್ ಅವರಿಗೆ ಹೇಳುವಾಗ ಮುಖ ಬಡಗಣಕ್ಕಿತ್ತು. ಈ ಸಲ ಕೈ ಬಲದಿಂದ ಎಡಕ್ಕೆ ಹೊರಳಿತು. ದೋಣಿ ಎರಡೂ ಸಲ ಮೂಡಣದಿಂದ ಪಡುವಣಕ್ಕೇ ಮಗುಚಿತ್ತು! ಕೈಗೆ ಇದನ್ನು ಯಾರೂ ಕಲಿಸಿರಲಿಲ್ಲ. ಬಾಯಿಗೆ ಬಿದ್ದ ರೂಢಿ ನೆನಪಿನೊಳಕ್ಕೂ ಇಳಿದಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕಾಲದ ಕಲ್ಪನೆಗೂ ಇದು ಹಬ್ಬುತ್ತದೆ. ಹೋಪ್‌ವೇಲ್ ಇರುವ ಕೇಪ್ ಯಾರ್ಕ್ ಸೀಮೆಯದೇ ಇನ್ನೊಂದು ಊರು ಪೋರ್ಮ್‌ಪುರಾವ್‌ನಲ್ಲಿ ಸಂಶೋಧಕಿಯರಾದ ಲೆರಾ ಬೊರೊಡಿಟ್‌ಸ್ಕಿ, ಆಲಿಸ್ ಗೇಬಿ, ಹೀಗೆಯೇ ದಿಕ್ಕು ಹಿಡಿದು ಮಾತಾಡುವ ಜನರಿಗೆ ಚಿತ್ರಗಳನ್ನು ಕೊಟ್ಟು, ಮೊದಲು ನಡೆದದ್ದರಿಂದ ಹಿಡಿದು ಸಾಲಾಗಿ ಜೋಡಿಸಲು ಹೇಳಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಎತ್ತ ಮುಖಮಾಡಿ ಕೂತರೂ ಸಾಲು ಹೆಚ್ಚಾಗಿ ಮೂಡಣದಿಂದ ಪಡುವಣಕ್ಕೇ ಸಾಗುತ್ತಿತ್ತು.

ವಿರೋಧ

ದೋಣಿಯ ಕಥೆ ಸೊಗಸಾಗಿದೆ, ಒಪ್ಪೋಣ. ಆದರೆ ಆ ಹಿರಿಯರಿಗೆ ದಿಕ್ಕು ಕಲಿಸಿದ್ದು ವ್ಯಾಕರಣವೋ, ಹುಟ್ಟಿ ಬೆಳೆದ ನೆಲ ಕಡಲುಗಳೋ? ಎರಡೂ ಒಟ್ಟಿಗೇ ಇರುವಾಗ ಶ್ರೇಯಸ್ಸನ್ನೆಲ್ಲ ನುಡಿಗೇ ಕೊಡುವುದು ಅವಸರ. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯಲ್ಲಿ ಕಾಲದ ಕಲ್ಪನೆಯೇ ಬೇರೆ ಎಂದು ಭಾಷಾವಿಜ್ಞಾನಿ ಬೆಂಜಮಿನ್ ವೊರ್ಫ್ ಹೇಳಿದ್ದನ್ನು ಜಗತ್ತು ದಶಕಗಟ್ಟಲೆ ನಂಬಿತ್ತು. ಆದರೆ 1983ರಲ್ಲಿ ಎಕ್ಕೆಹಾರ್ಟ್ ಮಲೊಟ್ಕಿ ಆ ಭಾಷೆಯ ಕಾಲಸೂಚಕ ಪ್ರಯೋಗಗಳನ್ನೇ ಕಲೆಹಾಕಿ ಒಂದು ದಪ್ಪ ಗ್ರಂಥ ಬರೆದು ಅದನ್ನು ಅಲ್ಲಗಳೆದರು.

ದಿಕ್ಕಿನ ವಾದಕ್ಕೂ ಪೆಟ್ಟು ಬಿದ್ದಿದೆ. ಎಡ-ಬಲ ಎನ್ನುತ್ತಲೇ ಬೆಳೆದ ಅಮೆರಿಕದ ವಿದ್ಯಾರ್ಥಿಗಳಿಗೆ ಪೆಗ್ಗಿ ಲಿ, ಲೀಲಾ ಗ್ಲೈಟ್‌ಮನ್ ಆಟಿಕೆ ಪ್ರಾಣಿಗಳನ್ನು ಜೋಡಿಸುವ ಪರೀಕ್ಷೆ ಕೊಟ್ಟರು. ಕಣ್ಣಿಗೆ ಬೀಳುವಂಥ ಗುರುತೊಂದು ಎದುರಿಗಿದ್ದಾಗ ಅವರು ತಮ್ಮ ಮೈಯ ಎಡ-ಬಲವನ್ನು ಬಿಟ್ಟು ಅದನ್ನೇ ಆಧಾರವಾಗಿ ಹಿಡಿದರು. 2002ರ ಈ ಲೇಖನಕ್ಕೆ ಲೆವಿನ್ಸನ್ ಬಳಗ ಖಾರವಾಗಿಯೇ ಉತ್ತರಿಸಿತು. ಆ ಜಗಳ ಇನ್ನೂ ಹರಿದಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕರಾವಳಿಯಲ್ಲಿ ಮೂಡುಮನೆ, ಪಡುಮನೆಗಳಿವೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ದಿಕ್ಕು ತಪ್ಪಲು ಎಡೆಯೇ ಇಲ್ಲ. ಅದೇ ಮನೆಯ ಹುಡುಗ ಬೆಂಗಳೂರಿಗೆ ಬಂದು ಆಟೊದವರಿಗೆ ‘ಲೆಫ್ಟ್ ತಗೊಳ್ಳಿ’ ಎನ್ನುತ್ತಾನೆ. ಅವನ ಕನ್ನಡದಲ್ಲಿ ದಿಕ್ಕಿನ ಪದಗಳೇನೂ ಅಳಿದಿಲ್ಲ, ಕಣ್ಣೆದುರಿನ ಕಡಲು ಇಲ್ಲವಾಗಿದೆ, ಅಷ್ಟೆ. ವಾರಾಣಸಿಯಲ್ಲಿ ರಮೇಶ್ ಮಿಶ್ರ, ಪಿಯರ್ ದಾಸೆನ್ ಮಕ್ಕಳನ್ನು ಪರೀಕ್ಷಿಸಿದಾಗ, ಸಾಮಾನ್ಯ ಹಿಂದಿ ಶಾಲೆಯವರಿಗಿಂತ ಸಂಸ್ಕೃತ ಪಾಠಶಾಲೆಯವರು ದಿಕ್ಕನ್ನು ಹೆಚ್ಚಾಗಿ ಬಳಸಿದರು. ಪಾಠಶಾಲೆಯ ಮಕ್ಕಳು ದಿನವೂ ಮಾಡುವ ಸಂಧ್ಯಾವಂದನೆಗೆ ಯಾವ ದಿಕ್ಕಿಗೆ ಕೂರಬೇಕೆಂಬುದು ಗೊತ್ತಿರಲೇಬೇಕು.