ಕೈಯ ನೆನಪು ಬೇರೆಯೇ

"ಮರೆವಿನ ಕಾಯಿಲೆ ನೆನಪನ್ನೆಲ್ಲ ಅಳಿಸಿ ಹಾಕುತ್ತದೆ" ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಉಡುಪಿ ಹತ್ತಿರದ ಶಂಕರಪುರದಲ್ಲಿರುವ ನಮ್ಮ ಅಜ್ಜಿಗೆ ಅಲ್ಝೈಮರ್. ನನ್ನ ಹೆಸರು ಮರೆತಿದ್ದಾರೆ, ಬೆಳಿಗ್ಗೆ ಗಂಜಿ ಉಂಡದ್ದೂ ನೆನಪಿಲ್ಲ. ಆದ್ರೆ ಮಡಿಲಿಗೆ ಮಲ್ಲಿಗೆ ಮೊಗ್ಗು, ಕೈಗೆ ಒದ್ದೆ ಬಾಳೆನಾರು ಕೊಟ್ಟರೆ ಸಾಕು, ಬೆರಳು ತಾನಾಗಿ ಓಡುತ್ತದೆ, ಒಂದು ಗಂಟೂ ಸಡಿಲ ಇರುವುದಿಲ್ಲ. ಹೊಸ ಘಟನೆಗಳನ್ನು ಹಿಡಿದಿಡಲು ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಬೇಕು, ಕಾಯಿಲೆ ಅದನ್ನು ಬೇಗ ಕೆಡಿಸುತ್ತದೆ. ಕೈಗೆ ಕೂತ ಕೆಲಸ ನಡೆಯುವುದು ಮಿದುಳಿನ ಬೇರೆ ಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಮ್ ಬಲದಿಂದ. 1953ರ ಆಪರೇಷನ್‌ನಲ್ಲಿ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್, ಕನ್ನಡಿ ನೋಡಿಕೊಂಡು ನಕ್ಷತ್ರ ಬಿಡಿಸುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತರು, ಹಿಂದಿನ ದಿನ ಬಿಡಿಸಿದ್ದೇ ನೆನಪಿಲ್ಲದಿದ್ದರೂ. ದಯವಿಟ್ಟು ಇದನ್ನೂ ಸೇರಿಸಿ. "ಎಲ್ಲ ಹೋಯ್ತು" ಅಂದುಕೊಂಡು ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಸುಮ್ನೆ ಕೂರಿಸಿಬಿಡುತ್ತಾರೆ.