ಒಂದೇ ಹೆಸರನ್ನು ಎಷ್ಟು ಸಲ ಬರೆಯುವುದು?

ಶಾಲೆಯಲ್ಲಿ ನಮಗೆ ಸುಸ್ತಾಗುವುದು ಪಾಠ ಮಾಡಿ ಅಲ್ಲ. ಬರೆದದ್ದನ್ನೇ ಮತ್ತೆ ಮತ್ತೆ ಬರೆದು ಸುಸ್ತಾಗುತ್ತದೆ. ಒಂದು ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ. ಅದೇ ಹೆಸರು ಮಾರ್ಕ್ಸ್ ಲಿಸ್ಟಿಗೆ ಬೇಕು, ಪ್ರೋಗ್ರೆಸ್ ಕಾರ್ಡಿಗೆ ಬೇಕು, ಸ್ಕಾಲರ್‌ಶಿಪ್ ಪಟ್ಟಿಗೆ ಬೇಕು, ಪ್ರವಾಸದ ಪಟ್ಟಿಗೂ ಬೇಕು. ಪ್ರತಿ ಸಲ ಮೊದಲಿಂದ ಬರೆಯುತ್ತೇವೆ. ತಂತ್ರಜ್ಞಾನದ ಬಗ್ಗೆ ಟೀಚರ್‌ಗಳಿಗೆ ಸಲಹೆ ಕೊಡುವವರು ಹತ್ತಾರು ಆ್ಯಪ್‌ಗಳ ಹೆಸರು ಹೇಳಿ ಹೋಗುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಎರಡನೇ ಸಲ ಬರೆಯುವುದು ತಪ್ಪುತ್ತದಾ? ತಪ್ಪುತ್ತದೆ ಅಂದರೆ ಕಲಿಯೋಣ. ಇಲ್ಲ ಅಂದರೆ ಅದು ಸುಮ್ನೆ ಇನ್ನೊಂದು ಕೆಲಸ.

ನಾನು ಕಾಸರಗೋಡಿನವನು. 1956ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಂಥ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ತಂಗಿ ಗಡಿಯಾಚೆ ಸುಳ್ಯ ತಾಲೂಕಿನಲ್ಲಿ ಟೀಚರ್. ಇಬ್ಬರ ಭಾಷೆ ಒಂದೇ, ಮಳೆ ಒಂದೇ, ಮಕ್ಕಳ ಮನೆತನಗಳೂ ಒಂದಕ್ಕೊಂದು ನೆಂಟರೇ. ಆದರೆ ಕಂಪ್ಯೂಟರಿನ ಮುಂದೆ ಕೂತರೆ ನಮ್ಮ ಎರಡು ಲೋಕ ಬೇರೆ ಬೇರೆ.

ಮೊದಲು ಕೇರಳದ ಕ್ರಮ ಹೇಳುತ್ತೇನೆ. ಇಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಶಾಲೆಯ ಕಂಪ್ಯೂಟರುಗಳಿಗೆ ಅವರೇ ಲಿನಕ್ಸ್ ಆಧಾರಿತ ಒಂದು ಆಪರೇಟಿಂಗ್ ಸಿಸ್ಟಂ ಸಿದ್ಧಮಾಡಿ ಕೊಡುತ್ತಾರೆ. ಬರಹಕ್ಕೆ, ಲೆಕ್ಕಕ್ಕೆ ಲಿಬ್ರೆಆಫೀಸ್, ರೇಖಾಗಣಿತಕ್ಕೆ ಜಿಯೋಜಿಬ್ರಾ, ಎಲ್ಲ ಅದರಲ್ಲೇ ಇರುತ್ತದೆ. ಲೈಸೆನ್ಸಿನ ಖರ್ಚಿಲ್ಲ. ಮಂಜೇಶ್ವರದ ಗಣಿತ ಟೀಚರ್ ತೆರೆಯುವ ಪರದೆಯೂ ತಿರುವನಂತಪುರದ ಟೀಚರ್ ತೆರೆಯುವ ಪರದೆಯೂ ಒಂದೇ. ಮಕ್ಕಳ ವಿವರಕ್ಕೆ ಸಂಪೂರ್ಣ, ಪಾಠದ ಸಾಮಗ್ರಿಗೆ ಸಮಗ್ರ ಎಂಬ ಜಾಲತಾಣಗಳಿವೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ಟೀಚರಿಗೆ ಐಟಿ ಸಂಯೋಜಕರ ಹೊಣೆ ಇರುತ್ತದೆ. ಎಸ್‌ಐಟಿಸಿ ಅಂತ ಕರೆದು ನಮಗೆ ರೂಢಿ. ಅವರೂ ನಮ್ಮ ಹಾಗೆ ಪಾಠ ಮಾಡುವವರೇ. ಪ್ರೊಜೆಕ್ಟರ್ ಹತ್ತದಿದ್ದರೆ, ಫೈಲ್ ಕಳೆದುಹೋದರೆ, ಪಾಸ್‌ವರ್ಡ್ ಮರೆತರೆ ಪಕ್ಕದ ಕೋಣೆಗೆ ಹೋಗಿ ಕೇಳಿದರಾಯಿತು. ನಿವೃತ್ತಿಗೆ ಹತ್ತಿರವಿದ್ದ ಸಂಸ್ಕೃತ ಮಾಸ್ಟ್ರೊಬ್ಬರು ಹೀಗೆ ಕೇಳಿ ಕೇಳಿಯೇ ತಮ್ಮ ಪ್ರಶ್ನೆಪತ್ರಿಕೆ ತಾವೇ ಟೈಪ್ ಮಾಡುವಷ್ಟು ಕಲಿತರು. ಯಾವ ತರಬೇತಿಯಲ್ಲೂ ಅವರಿಗೆ ಅದು ಬಂದಿರಲಿಲ್ಲ. ಕೇಳಲು ನಮಗೆ ನಾಚಿಕೆಯಾಗದಂಥ ಒಬ್ಬ ಮನುಷ್ಯ ಹತ್ತಿರ ಇರಬೇಕು, ಅಷ್ಟೆ.

ತಂಗಿಯ ಕಡೆ ನೋಡಿ. ಮಕ್ಕಳ ಮಾಹಿತಿಗೆ ಸ್ಯಾಟ್ಸ್, ಯುಡೈಸ್ ಪ್ಲಸ್ ಎಂಬ ಜಾಲತಾಣಗಳಿವೆ, ಸಂಬಳಕ್ಕೆ ಎಚ್‌ಆರ್‌ಎಂಎಸ್ ಇದೆ. ವ್ಯವಸ್ಥೆ ಕಡಿಮೆ ಏನಿಲ್ಲ. ಆದರೂ ಬಿಸಿಯೂಟ ಬಡಿಸುವ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಮೆಸೇಜ್: "ತುರ್ತು. ಈ ನಮೂನೆಯಲ್ಲಿ ಸಂಜೆ ನಾಲ್ಕರೊಳಗೆ ಕಳುಹಿಸಿ." ಕೇಳಿದ್ದು ಜಾಲತಾಣದಲ್ಲಿ ಆಗಲೇ ತುಂಬಿಸಿದ ಮಾಹಿತಿಯೇ. ನಮೂನೆ ಮಾತ್ರ ಬೇರೆ. ನೆಟ್‌ವರ್ಕ್ ಸಿಗದ ಶಾಲೆಯವರು ಸಂಜೆ ಪೇಟೆಯ ಸೈಬರ್ ಸೆಂಟರಿಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ತುಂಬಿಸುತ್ತಾರೆ. ಶಾಲೆಯಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರಿದ್ದರೆ ಎಲ್ಲ ಅವರ ತಲೆಗೆ. ಅವರಿಗೆ ವರ್ಗವಾದರೆ ಶಾಲೆಯ ಅರ್ಧ ಫೈಲುಗಳು ಅವರ ಲ್ಯಾಪ್‌ಟಾಪಿನ ಜೊತೆ ಹೋದ ಹಾಗೆ. ಇದು ಟೀಚರ್‌ಗಳ ಸೋಮಾರಿತನ ಅಲ್ಲವೇ ಅಲ್ಲ. ಕೇಳಲು ಯಾರೂ ಇಲ್ಲದ ಕಡೆ ಎಂಥವರೂ ಕೈಚೆಲ್ಲುತ್ತಾರೆ. ಕರ್ನಾಟಕದಲ್ಲೂ ಪ್ರತಿ ಶಾಲೆಗೆ, ಚಿಕ್ಕ ಶಾಲೆಗಳಾದರೆ ಎರಡು ಮೂರಕ್ಕೆ ಒಬ್ಬರಂತೆ, ಈ ಹೊಣೆಯನ್ನು ಒಬ್ಬ ಟೀಚರಿಗೆ ಕೊಟ್ಟು, ಅವರ ಪೀರಿಯಡ್ ಸ್ವಲ್ಪ ಕಡಿಮೆ ಮಾಡಿದರೆ ದೊಡ್ಡ ಉಪಕಾರ.

ಅದು ಆಗುವ ತನಕ ಏನು ಮಾಡುವುದು? ನಾನು ತಂಗಿಗೆ ಮೊದಲು ಮಾಡಿಸಿದ್ದು ಒಂದು ಸ್ಪ್ರೆಡ್‌ಶೀಟ್. ಜೂನ್ ತಿಂಗಳಲ್ಲಿ ಒಮ್ಮೆ ಕೂತು ಎಲ್ಲ ಮಕ್ಕಳ ಹೆಸರು, ದಾಖಲಾತಿ ನಂಬರ್, ಹುಟ್ಟಿದ ದಿನ, ಹೆತ್ತವರ ಹೆಸರು, ಬಸ್ಸಿನ ದಾರಿ, ಹೀಗೆ ಒಂದೊಂದಕ್ಕೆ ಒಂದೊಂದು ಕಾಲಂ ಮಾಡಿ ತುಂಬಿಸಿಬಿಡುವುದು. ಕನ್ನಡದಲ್ಲಿ ಒಂದು ಹೆಸರಿನ ಕಾಲಂ, ಇಂಗ್ಲಿಷಿನಲ್ಲಿ ಇನ್ನೊಂದು. ಒಂದು ಕೋಶದಲ್ಲಿ ಒಂದೇ ವಿಷಯ ಇರಬೇಕು. ಕೋಶಗಳನ್ನು ಸೇರಿಸಿ ಚಂದದ ತಲೆಬರಹ ಮಾಡಲು ಹೋಗಬೇಡಿ, ಆಮೇಲೆ ವಿಂಗಡಿಸಲು ಆಗುವುದಿಲ್ಲ. ಯಾವ ನಮೂನೆ ಬಂದರೂ ಬೇಕಾದ ಕಾಲಂ ನಕಲು ಮಾಡಿ ಅಂಟಿಸಿದರೆ ಮುಗಿಯಿತು.

ಗ್ರೇಡ್ ಹಾಕುವ ಕೆಲಸ ಇದರಲ್ಲಿ ಎಷ್ಟು ಹಗುರ ಅಂತ ಹೇಳಲೇಬೇಕು. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಒಂಬತ್ತು ಗ್ರೇಡ್. ಕೈಯಲ್ಲಿ ಹಾಕುವಾಗ ಒಂದಾದರೂ ತಪ್ಪುವ ಭಯ. ಹಾಳೆಯ ಒಂದು ಮೂಲೆಯಲ್ಲಿ ಚಿಕ್ಕ ಕೋಷ್ಟಕ ಬರೆಯಿರಿ. ಎಡಗಡೆ ಮೇಲಿಂದ ಕೆಳಕ್ಕೆ 0, 20, 30, 40, 50, 60, 70, 80, 90. ಬಲಗಡೆ ಅದೇ ಕ್ರಮದಲ್ಲಿ ಇ, ಡಿ, ಡಿ ಪ್ಲಸ್, ಸಿ, ಸಿ ಪ್ಲಸ್, ಬಿ, ಬಿ ಪ್ಲಸ್, ಎ, ಎ ಪ್ಲಸ್. ಆಮೇಲೆ ವಿಲುಕಪ್ (VLOOKUP) ಎಂಬ ಸೂತ್ರಕ್ಕೆ ಅಂಕದ ಕೋಶ, ಈ ಕೋಷ್ಟಕ, ಎರಡನೇ ಕಾಲಂ ಅಂತ ತೋರಿಸಿ, ಕೊನೆಗೆ 1 ಅಂತ ಕೊಡಿ. 1 ಕೊಟ್ಟರೆ ಅದು ಸರಿಯಾಗಿ ಅದೇ ಅಂಕವನ್ನು ಹುಡುಕುತ್ತಾ ಕೂರುವುದಿಲ್ಲ, ಅದಕ್ಕಿಂತ ಕೆಳಗಿನ ಹತ್ತಿರದ ಮೆಟ್ಟಿಲನ್ನು ಹಿಡಿಯುತ್ತದೆ. 76 ಬಂದವನಿಗೆ 70ರ ಮೆಟ್ಟಿಲಿನ ಬಿ ಪ್ಲಸ್. ಕೋಷ್ಟಕದ ವಿಳಾಸ ಜಾರದಂತೆ ಅದಕ್ಕೆ ಡಾಲರ್ ಗುರುತು ಹಾಕಿ, ಸೂತ್ರದ ಕೋಶದ ಮೂಲೆ ಹಿಡಿದು ಕೆಳಗೆ ಎಳೆಯಿರಿ. ಇಡೀ ತರಗತಿಯ ಗ್ರೇಡ್ ಬಂತು. ತಂಗಿಯ ಶಾಲೆಯಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅವಧಿ ಕೊನೆಯ ಪರೀಕ್ಷೆ), ಗ್ರೇಡ್ ಮಾತ್ರ ಐದು. ಅವಳು ಕೋಷ್ಟಕದ ಸಾಲು ಬದಲಿಸಿಕೊಂಡಳು, ಸೂತ್ರ ಅದೇ ಉಳಿಯಿತು. ಹಾಳೆಯ ಒಂದೊಂದು ಸಾಲನ್ನೂ ಒಂದೊಂದು ಕಾರ್ಡಿಗೆ ತಾನೇ ತುಂಬಿಸುವ ಮೇಲ್ ಮರ್ಜ್‌ಗೆ ಅದನ್ನೇ ಕೊಟ್ಟರೆ ಪ್ರೋಗ್ರೆಸ್ ಕಾರ್ಡುಗಳೂ ಸಿದ್ಧ. ಎಸ್‌ಎ ಮುಗಿದ ವಾರ ಅವಳು ರಾತ್ರಿ ಕೂತು ಕಾರ್ಡ್ ಬರೆಯುವುದು ಈಗಿಲ್ಲ. ನನಗೆ ಬಹಳ ಖುಷಿ ಕೊಟ್ಟ ವಿಷಯ ಇದು.

ಕನ್ನಡ ಟೈಪಿಂಗ್ ವಿಷಯಕ್ಕೆ ಬಂದರೆ ಇನ್ನೊಂದು ಗೋಳು. ಕರ್ನಾಟಕದ ಗೆಳೆಯರು ಕಳುಹಿಸುವ ಎಷ್ಟೋ ಪ್ರಶ್ನೆಪತ್ರಿಕೆಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಇರುತ್ತವೆ. ಇಲ್ಲಿ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫೋನಿನಲ್ಲೂ ಹಾಗೇ. ಹಳೆಯ ಫೈಲಿನಲ್ಲಿ ಹುಡುಕಲು ಆಗುವುದಿಲ್ಲ, ವಾಟ್ಸಾಪಿಗೆ ಅಂಟಿಸಲು ಆಗುವುದಿಲ್ಲ. ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಓದಲು ಬರುವ ಯೂನಿಕೋಡ್ ಎಂಬ ಕ್ರಮದಲ್ಲಿ ಬರೆದರೆ ಈ ಯಾವ ತೊಂದರೆಯೂ ಇಲ್ಲ. "ಕೈಗೆ ನುಡಿಯ ಕೀಲಿಗಳೇ ರೂಢಿ, ಈಗ ಬದಲಾಯಿಸಲು ಆಗುವುದಿಲ್ಲ" ಅನ್ನುವವರಿದ್ದಾರೆ. ಬದಲಾಯಿಸುವುದೇ ಬೇಡ. ನುಡಿಗೆ ಆಧಾರವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ಯೂನಿಕೋಡ್ ಬರೆಯಬಹುದು. ಈಚಿನ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ. ಲಿನಕ್ಸಿನಲ್ಲಿ ಕನ್ನಡ ಕೆಜಿಪಿ ಎಂಬ ವಿನ್ಯಾಸ ಸೇರಿಸಿಕೊಂಡರೆ ಬೆರಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಳೆಯ ಪ್ರಶ್ನೆಪತ್ರಿಕೆ ಕಾಗದದಲ್ಲಿ ಮಾತ್ರ ಉಳಿದಿದ್ದರೆ ಮತ್ತೆ ಟೈಪ್ ಮಾಡಬೇಕಿಲ್ಲ. ಬೆಳಕು ಚೆನ್ನಾಗಿರುವ ಕಡೆ ಇಟ್ಟು ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸಿನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಗಣಿತದ ಚಿಹ್ನೆಗಳಂತೂ ಕೆಡುತ್ತವೆ. ಆದರೂ ತಿದ್ದುವುದು ಟೈಪ್ ಮಾಡುವುದಕ್ಕಿಂತ ಬೇಗ. ಟೈಪಿಂಗೇ ಬಾರದವರು ಫೋನಿನ ಕೀಲಿಮಣೆಯಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಸಾಕು. ಪಾಠಯೋಜನೆಯ ಕೊನೆಯ ಟಿಪ್ಪಣಿ, ಮಗುವಿನ ಬಗ್ಗೆ ಎರಡು ಸಾಲು, ಇವನ್ನೆಲ್ಲ ನಾನು ಹೀಗೆಯೇ ಬರೆಯುವುದು.

ನಮ್ಮ ಗಡಿನಾಡಿನವರಿಗೆ ಮಾತ್ರ ಉಪಯೋಗವಾಗುವ ಒಂದು ಸಂಗತಿ ಇದೆ. ಸುತ್ತೋಲೆಗಳು ಬರುವುದು ಮಲಯಾಳದಲ್ಲಿ. ಕನ್ನಡದಲ್ಲೇ ಓದಿ ಬಂದ ಹೊಸ ಟೀಚರ್‌ಗಳಿಗೆ ಅದು ಕಗ್ಗಂಟು. ಈಗ ಅವರು ಗೂಗಲ್ ಲೆನ್ಸ್ ಹಿಡಿದು ಕನ್ನಡದಲ್ಲಿ ಓದಿಕೊಳ್ಳುತ್ತಾರೆ. ದಿನಾಂಕ, ಸಂಖ್ಯೆಗಳನ್ನು ಮಾತ್ರ ಮೂಲದಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಸುತ್ತೋಲೆ ಕನ್ನಡದಲ್ಲೂ ಬರಬೇಕೆಂಬ ನಮ್ಮ ಬೇಡಿಕೆಗೆ ಫೋನ್ ಉತ್ತರವಲ್ಲ, ಆ ಬೇಡಿಕೆ ಹಾಗೆಯೇ ಇದೆ.

ವಾಟ್ಸಾಪ್ ಬಗ್ಗೆ ಎರಡೂ ಕಡೆಯವರಿಗೆ ಒಂದು ಮಾತು. ಹೆತ್ತವರ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಮಾಡಿಡಿ. ಶುಭೋದಯದ ಚಿತ್ರಗಳ ನಡುವೆ ಪರೀಕ್ಷೆಯ ವೇಳಾಪಟ್ಟಿ ಕಳೆದುಹೋಗುವುದು ನಿಲ್ಲುತ್ತದೆ. ಮಕ್ಕಳ ಆಧಾರ್ ನಂಬರ್, ಬ್ಯಾಂಕ್ ಖಾತೆ, ಹೆತ್ತವರ ಫೋನ್ ನಂಬರ್ ಇರುವ ಪಟ್ಟಿಯನ್ನು ಗುಂಪಿಗೆ ಹಾಕಲೇಬೇಡಿ. ಆತುರದಲ್ಲಿ ಎಲ್ಲರೂ ಹಾಕುತ್ತಾರೆ ಅಂತ ನನಗೆ ಗೊತ್ತು. ಆದರೆ ಅದು ನಮ್ಮನ್ನು ನಂಬಿ ಕೊಟ್ಟ ಮಾಹಿತಿ. ಗೂಗಲ್ ಶೀಟ್ ಹಂಚುವಾಗಲೂ ಲಿಂಕ್ ಇರುವ ಯಾರಾದರೂ ನೋಡಬಹುದು ಎಂಬ ಆಯ್ಕೆ ಬೇಡ. ಬೇಕಾದವರ ಇಮೇಲ್ ಸೇರಿಸಿದರೆ ಸಾಕು.

ಎಐ ಬಗ್ಗೆ ಕೇಳುವವರಿದ್ದಾರೆ. ಕೇರಳದಲ್ಲಿ 2024ರಲ್ಲಿ ಟೀಚರ್‌ಗಳಿಗೆ ಇದರ ತರಬೇತಿ ಶುರುವಾಯಿತು. ಒಂದೇ ಲೆಕ್ಕವನ್ನು ಬೇರೆ ಬೇರೆ ಸಂಖ್ಯೆಯಲ್ಲಿ ಹತ್ತು ಸಲ ಮಾಡಿಕೊಡು ಅಂದರೆ ಚೆನ್ನಾಗಿ ಮಾಡುತ್ತದೆ. ಉತ್ತರ ನಾವೇ ಮಾಡಿ ನೋಡಬೇಕು. ಕನ್ನಡದ ವಾಕ್ಯಗಳನ್ನು ನಾನು ಪೂರ್ತಿ ತಿದ್ದದೆ ಮಕ್ಕಳ ಕೈಗೆ ಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ವಿಷಯದಲ್ಲಿ ನನಗೆ ಕರ್ನಾಟಕದವರನ್ನು ಕಂಡರೆ ಆಸೆಯಾಗುತ್ತದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕರ್ನಾಟಕದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆ ಸೇರಿ ಹೈಸ್ಕೂಲ್ ಟೀಚರ್‌ಗಳಿಗಾಗಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣದಲ್ಲಿ ಟೀಚರ್‌ಗಳೇ ಬರೆದ ಪಾಠ, ಚಟುವಟಿಕೆಗಳು ಕನ್ನಡದಲ್ಲಿ ಸಿಗುತ್ತವೆ. ಕೇರಳದಲ್ಲಿ ಪರದೆ, ಪ್ರೊಜೆಕ್ಟರ್ ಎಲ್ಲ ಇದ್ದರೂ ಕನ್ನಡ ಮಾಧ್ಯಮದ ನಾವು ಸಂಖ್ಯೆಯಲ್ಲಿ ಕಡಿಮೆ. ಕನ್ನಡದ ಸಾಮಗ್ರಿ ನಾವೇ ಮಾಡಿಕೊಳ್ಳುವುದು ಜಾಸ್ತಿ. ನಿಮ್ಮಲ್ಲಿ ಸಾವಿರಾರು ಟೀಚರ್‌ಗಳು ದಿನಾ ಕನ್ನಡದಲ್ಲಿ ಬರೆಯುತ್ತೀರಿ. ಪಠ್ಯಪುಸ್ತಕ ಬೇರೆ ಇರಬಹುದು, ಪೈಥಾಗೊರಸನ ಪ್ರಮೇಯ ಎರಡೂ ಕಡೆ ಒಂದೇ ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ನೀವು ಮಾಡಿದ ವರ್ಕ್‌ಶೀಟ್ ಹಂಚುವಾಗ ಪಿಡಿಎಫ್ ಜೊತೆ ತಿದ್ದಲು ಬರುವ ಫೈಲನ್ನೂ ಹಾಕಿ. ಯೂನಿಕೋಡಿನಲ್ಲಿ ಹಾಕಿ. ಫೈಲಿನ ಹೆಸರಿನಲ್ಲೇ ತರಗತಿ, ವಿಷಯ, ಪಾಠ ಬರೆಯಿರಿ. ನಾವು ಜಿಯೋಜಿಬ್ರಾದಲ್ಲಿ ಮಾಡಿದ ರೇಖಾಗಣಿತದ ಫೈಲುಗಳನ್ನು ಹಾಗೆಯೇ ನಿಮಗೆ ಕಳುಹಿಸುತ್ತೇವೆ. ತಂಗಿಯ ಶಾಲೆಗೂ ನಮ್ಮ ಶಾಲೆಗೂ ನಡುವೆ ಇದು ಶುರುವಾಗಿದೆ. ಈ ಸಲ ಒಂಬತ್ತನೇ ತರಗತಿಯ ತ್ರಿಭುಜದ ಪಾಠಕ್ಕೆ ಅವಳ ವರ್ಕ್‌ಶೀಟ್ ನಾನು ಬಳಸಿದೆ, ನನ್ನ ಫೈಲ್ ಅವಳು ಬಳಸಿದಳು. ಬೇರೆ ಪಾಠಗಳಿಗೂ ಜನ ಬೇಕು.